ಅಮಾನತ್ ನುಂಗಿದವರು, ಅಮಾನತಾದವರು

ಕಳವಾದದ್ದು ಕಿಸೆಗೆ ಇಳಿಸಬಹುದಾದ ಚಿನ್ನದ ಬಿಸ್ಕತ್ತಲ್ಲ, ಕಬ್ಬಿಣದ ಅದಿರು. 2010ರ ಮಾರ್ಚ್ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬೇಲೇಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳು ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿದರು. ಸರಿಯಾದ ಪರವಾನಗಿ ಇಲ್ಲದೆ ಗಣಿಗಳಿಂದ ಬಂದು ಕಡಲ ದಡದಲ್ಲಿ ಗುಡ್ಡೆ ಬಿದ್ದಿದ್ದ ಅದಿರು ಅದು. ಜಪ್ತಿಯಾದ ಮಾಲನ್ನು ಬಂದರು ಇಲಾಖೆಯ ಸುಪರ್ದಿಗೆ ಒಪ್ಪಿಸಲಾಯಿತು. ಕೆಲವೇ ತಿಂಗಳು ಕಳೆದು ನೋಡುವಾಗ ಅದರಲ್ಲಿ 5 ಲಕ್ಷ ಟನ್ನಿಗೂ ಮಿಕ್ಕ ಅದಿರು ಅಲ್ಲಿರಲಿಲ್ಲ.

ಈ ಪ್ರಮಾಣವನ್ನು ಓದುಗರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಲಾರಿಗೆ 16 ಟನ್ನಿನಂತೆ ಲೆಕ್ಕ ಹಾಕಿದರೂ 5 ಲಕ್ಷ ಟನ್ ಹೊರಲು 31 ಸಾವಿರ ಲಾರಿಗಳು ಸಾಲದು. ಬೇಲೇಕೇರಿ ಆಳವಾದ ಬಂದರೂ ಅಲ್ಲ. ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಅದಿರನ್ನು ಮೊದಲು ಬಾರ್ಜುಗಳಿಗೆ ತುಂಬಿ, ನಡುಗಡಲಲ್ಲಿ ಲಂಗರು ಹಾಕಿದ ಹಡಗಿನವರೆಗೆ ಸಾಗಿಸಿ, ಅಲ್ಲಿ ಮತ್ತೆ ತುಂಬಬೇಕು. ಇದು ಒಂದು ರಾತ್ರಿಯ ಕೆಲಸವಲ್ಲ, ಒಬ್ಬ ಕಳ್ಳನ ಕೆಲಸವೂ ಅಲ್ಲ. ಯಂತ್ರಗಳ ಸದ್ದು, ದೀಪಗಳ ಬೆಳಕು, ಕೂಲಿಗಳ ಹಾಜರಿ, ಹಡಗಿನ ಕಾಗದಪತ್ರ, ಸುಂಕದ ಮುದ್ರೆ ಎಲ್ಲವೂ ಇದ್ದ ಕಳವು ಇದು. ಹಾಗಾಗಿ ಕಳ್ಳ ಯಾರೆಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಕಾವಲಿಗಿದ್ದವರು ಯಾರು ಎಂಬುದು.

ನಮ್ಮ ಮನೆಗಳಲ್ಲಿ 'ಅಮಾನತ್' ಎಂಬ ಪದಕ್ಕೆ ಬಹಳ ತೂಕವಿದೆ. ಹಜ್‍ಗೆ ಹೊರಟ ನೆರೆಯವರು ಬೀಗದ ಕೈ ಕೊಟ್ಟು ಹೋದರೆ ಅದು ಅಮಾನತ್. ವಿಧವೆಯೊಬ್ಬಳು ಮಗಳ ಮದುವೆಗೆಂದು ಕೂಡಿಸಿದ ಬಳೆಗಳನ್ನು ನಂಬಿ ಇಟ್ಟರೆ ಅದು ಅಮಾನತ್. ಇಟ್ಟವರು ಕೇಳಿದ ದಿನ ಒಂದು ಗುಂಜಿಯೂ ಕಡಿಮೆಯಾಗದಂತೆ ಮರಳಿಸಬೇಕಾದ ನಂಬಿಕೆಯ ಒತ್ತೆ ಅದು. ಆದರೆ ಕನ್ನಡದ ಕಚೇರಿಗಳಲ್ಲಿ ಅದೇ ಪದ 'ಅಮಾನತು' ಎಂದಾಗಿ ಬೇರೊಂದು ಅರ್ಥವನ್ನೂ ಪಡೆದುಕೊಂಡಿದೆ. ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು ಅಮಾನತು. ಬೇಲೇಕೇರಿಯ ಇಡೀ ಕಥೆ ಈ ಎರಡು ಅರ್ಥಗಳ ನಡುವೆ ಇದೆ. ಅಮಾನತ್ತನ್ನು ನುಂಗಿದವರು ಒಂದೆಡೆ, ಅದನ್ನು ಕಾಯಲು ಹೋಗಿ ಅಮಾನತಾದವರು ಇನ್ನೊಂದೆಡೆ.

ಹಿನ್ನೆಲೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 2000ದ ದಶಕದಲ್ಲಿ ಚೀನಾದ ಉಕ್ಕಿನ ಕುಲುಮೆಗಳ ಹಸಿವು ಏರುತ್ತಾ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸಿನ ಕಟ್ಟಡಗಳು ಏಳುತ್ತಿದ್ದ ಕಾಲವದು. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕೆಂಪು ಮಣ್ಣಿಗೆ ಒಮ್ಮೆಲೇ ಚಿನ್ನದ ಬೆಲೆ ಬಂತು. ಮಾರುಕಟ್ಟೆಯಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಬೆಲೆಯಿದ್ದಾಗಲೂ ರಾಜ್ಯದ ಖಜಾನೆಗೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. 2009ರ ಆಗಸ್ಟಿನಲ್ಲಷ್ಟೇ ಅದನ್ನು ಬೆಲೆಯ ಶೇ. 10ಕ್ಕೆ ಬದಲಾಯಿಸಲಾಯಿತು. ನಾಡಿನ ಸಂಪತ್ತಿಗೆ ನಾಡಿನ ಸರಕಾರವೇ ಕಟ್ಟಿದ ಬೆಲೆ ಇದು. ಆ ಚಿಲ್ಲರೆಯನ್ನೂ ಕೊಡಲು ಒಪ್ಪದವರು ಪರವಾನಗಿಯನ್ನೇ ಬಿಟ್ಟು ಅದಿರನ್ನು ಸಾಗಿಸತೊಡಗಿದರು.

ಸಂಡೂರಿನಿಂದ ಹೊರಟ ಲಾರಿ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಬೇಕು. ಈ ದಾರಿಯಲ್ಲಿ ಗಣಿ ಇಲಾಖೆಯಿದೆ, ಅರಣ್ಯ ಇಲಾಖೆಯಿದೆ, ಸಾರಿಗೆ ಇಲಾಖೆಯಿದೆ, ವಾಣಿಜ್ಯ ತೆರಿಗೆಯವರಿದ್ದಾರೆ, ಪೊಲೀಸರಿದ್ದಾರೆ. ಕೊನೆಗೆ ಬಂದರಿನಲ್ಲಿ ಬಂದರು ಇಲಾಖೆ ಮತ್ತು ಕೇಂದ್ರದ ಸುಂಕದವರಿದ್ದಾರೆ. ಅದಿರು ಕಣ್ಣಿಗೆ ಕಾಣದ ವಸ್ತುವೂ ಅಲ್ಲ. ಅದು ಹೋದ ದಾರಿಯ ಮರ, ಮನೆ, ಮಕ್ಕಳ ಶಾಲೆಯ ಅಂಗಿ ಎಲ್ಲವೂ ಕೆಂಪಾಗುತ್ತಿದ್ದವು. ಹೀಗಿದ್ದೂ 2009ರ ಜನವರಿಯಿಂದ 2010ರ ಮೇ ವರೆಗೆ ಬೇಲೇಕೇರಿ ಒಂದರಿಂದಲೇ ಹೊರಗೆ ಹೋದ ಸುಮಾರು 88 ಲಕ್ಷ ಟನ್ ಅದಿರಿನಲ್ಲಿ ಅರ್ಧಕ್ಕೂ ಹೆಚ್ಚಿನದಕ್ಕೆ ಪರವಾನಗಿಯೇ ಇರಲಿಲ್ಲ. ಬಂದರಿನ ಸಂಸ್ಥೆಗಳಲ್ಲಿ ವಶಪಡಿಸಿಕೊಂಡ ದಾಖಲೆಗಳಲ್ಲಿ ಯಾವ ಇಲಾಖೆಗೆ ಎಷ್ಟು ಹಣ ಸಂದಿದೆ ಎಂಬ ಪಟ್ಟಿಗಳೇ ದೊರೆತವೆಂದು ಲೋಕಾಯುಕ್ತ ವರದಿ ಹೇಳಿತು. ಲಂಚಕ್ಕೂ ಲೆಕ್ಕಪುಸ್ತಕ ಇಡುವ ಶಿಸ್ತು! ರಾಜಧನಕ್ಕೆ ಇಲ್ಲದ ಶಿಸ್ತು ಇದು.

ಈಗ ಕಾದವರ ಗತಿಯನ್ನು ನೋಡೋಣ. ಅದಿರನ್ನು ಜಪ್ತಿ ಮಾಡಿದ ಕಾರ್ಯಾಚರಣೆಯಲ್ಲಿದ್ದವರು ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್. ಜಪ್ತಿಯಾದ ಅದಿರು ಕಾಣೆಯಾದಾಗ ಸರಕಾರ ಎಚ್ಚೆತ್ತು ಯಾರ ಮೇಲೆ ಕ್ರಮ ಕೈಗೊಳ್ಳಬೇಕಾಗಿತ್ತು? ಆದರೆ ಅಮಾನತಿನ ಮಾತು ಎದ್ದದ್ದು ಜಪ್ತಿ ಮಾಡಿದ ಅಧಿಕಾರಿಯ ವಿರುದ್ಧವೇ. ಅದನ್ನು ಪ್ರತಿಭಟಿಸಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2010ರ ಜೂನ್ 23ರಂದು ರಾಜೀನಾಮೆ ನೀಡಿದರು. ಎಲ್.ಕೆ. ಅಡ್ವಾಣಿಯವರ ಮನವಿಯ ನಂತರ ಜುಲೈ ಮೊದಲ ವಾರದಲ್ಲಿ ಅದನ್ನು ಹಿಂಪಡೆದರು. ಬೇಲೇಕೇರಿ ಎಂಬ ಮೀನುಗಾರರ ಹಳ್ಳಿಯ ಹೆಸರು ದೇಶಕ್ಕೆ ತಿಳಿದದ್ದು ಹೀಗೆ.

ಗಮನಿಸಬೇಕಾದ ಅಂಶವೊಂದಿದೆ. ಅರಣ್ಯಾಧಿಕಾರಿಯ ಹುದ್ದೆಯ ಹೆಸರಿನಲ್ಲಿ ಸಂರಕ್ಷಣೆ ಎಂಬ ಪದವಿದೆ. ಮುಂದೆ ನ್ಯಾಯಾಲಯ ದೋಷಿಯೆಂದು ತೀರ್ಮಾನಿಸಿದ ಬಂದರು ಅಧಿಕಾರಿಯ ಹುದ್ದೆಯ ಹೆಸರಿನಲ್ಲೂ ಅದೇ ಸಂರಕ್ಷಣೆಯಿದೆ. ಒಬ್ಬರು ಸಂರಕ್ಷಿಸಿದರು, ಇನ್ನೊಬ್ಬರ ಸುಪರ್ದಿಯಲ್ಲಿ ಸಂರಕ್ಷಿಸಿಟ್ಟದ್ದು ಕರಗಿಹೋಯಿತು. ಆದರೆ ವ್ಯವಸ್ಥೆ ಮೊದಲು ಬಿಸಿ ಮುಟ್ಟಿಸಿದ್ದು ಸಂರಕ್ಷಿಸಿದವರಿಗೆ. ಪ್ರಾಮಾಣಿಕತೆಗೆ ಇಲ್ಲಿ ತಕ್ಷಣ ಶಿಕ್ಷೆ, ಅಪ್ರಾಮಾಣಿಕತೆಗೆ ಹದಿನಾಲ್ಕು ವರ್ಷಗಳ ವಾಯಿದೆ.

ಹದಿನಾಲ್ಕು ವರ್ಷ ಎಂಬುದು ಉತ್ಪ್ರೇಕ್ಷೆಯಲ್ಲ. 2011ರ ಜುಲೈ 27ರಂದು ಲೋಕಾಯುಕ್ತರು ತಮ್ಮ ಎರಡನೆಯ ವರದಿ ಸಲ್ಲಿಸಿದರು. ಅಕ್ರಮ ಗಣಿಗಾರಿಕೆ ಮತ್ತು ರಫ್ತಿನಿಂದ ಖಜಾನೆಗೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದು ಅಂದಾಜಿಸಿತು. ವರದಿಯಲ್ಲಿ ಹೆಸರು ಬಂದ ಮುಖ್ಯಮಂತ್ರಿ ಯಡಿಯೂರಪ್ಪ ನಾಲ್ಕೇ ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಅವರ ಕುಟುಂಬದ ಟ್ರಸ್ಟಿಗೆ ಸಂದ ದೇಣಿಗೆಯ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು ಎಂಬುದನ್ನೂ ನ್ಯಾಯದ ದೃಷ್ಟಿಯಿಂದ ಹೇಳಬೇಕು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈಯಲ್ಲೇ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬೇಲೇಕೇರಿಯ ತನಿಖೆಯನ್ನು 2012ರ ಸೆಪ್ಟೆಂಬರಿನಲ್ಲಿ ಸಿಬಿಐಗೆ ಒಪ್ಪಿಸಿತು. ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಆರು ಪ್ರಕರಣಗಳಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್, ಬಂದರು ಅಧಿಕಾರಿ ಹಾಗೂ ಇತರರು ದೋಷಿಗಳೆಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಹೇಳಿತು. ಶಾಸಕರಿಗೆ ಏಳು ವರ್ಷಗಳ ಸೆರೆವಾಸ ವಿಧಿಸಿತು. ದಂಡದ ಒಟ್ಟು ಮೊತ್ತ 40 ಕೋಟಿ ರೂಪಾಯಿಗೂ ಮಿಕ್ಕಿತ್ತು. ಮುಂದಿನ ತಿಂಗಳೇ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಪ್ರತಿಯೊಬ್ಬ ಆರೋಪಿಯ ಹಕ್ಕು, ಅದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಅಮಾನತು ಎಂಬ ಪದ ಈ ಕಥೆಯಲ್ಲಿ ಎಲ್ಲೆಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಇನ್ನು ಪಕ್ಷಗಳ ವಿಚಾರ. ಅದಿರು ಕಾಣೆಯಾದಾಗ ಅಧಿಕಾರದಲ್ಲಿದ್ದುದು ಬಿಜೆಪಿ. ಅದರ ವಿರುದ್ಧ 2010ರ ಜುಲೈ ಕೊನೆಯಲ್ಲಿ ಸಿದ್ಧರಾಮಯ್ಯನವರ ಮುಂದಾಳುತನದಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಸಿತು. ಜನ ಅದನ್ನು ನಂಬಿದರು. 2013ರಲ್ಲಿ ಅಧಿಕಾರ ಕೊಟ್ಟರು. ಅದೇ ಕಾಂಗ್ರೆಸ್ ಸರಕಾರ 2016ರ ಮಾರ್ಚಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ಸಂಸ್ಥೆ ಕಟ್ಟಿ, ಗಣಿ ಹಗರಣವನ್ನು ಬಯಲಿಗೆಳೆದ ಲೋಕಾಯುಕ್ತದ ಪೊಲೀಸ್ ಅಧಿಕಾರವನ್ನು ಕಿತ್ತುಕೊಂಡಿತು. ಆ ದಳವನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿದ್ದು 2022ರ ಆಗಸ್ಟಿನಲ್ಲಿ. ನಡುವಿನ ಆರು ವರ್ಷ ಈ ನಾಡಿನ ಕಾವಲು ನಾಯಿಗೆ ಹಲ್ಲಿರಲಿಲ್ಲ. ಸತೀಶ್ ಸೈಲ್ ಮೊದಲು ಗೆದ್ದದ್ದು 2013ರ ಮೇಯಲ್ಲಿ, ಪಕ್ಷೇತರರಾಗಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಬಿಐ ಅವರನ್ನು ಬಂಧಿಸಿತು. 2018ರಲ್ಲೂ 2023ರಲ್ಲೂ ಅವರಿಗೆ ಟಿಕೆಟ್ ಕೊಟ್ಟದ್ದು ಪಾದಯಾತ್ರೆ ಮಾಡಿದ ಅದೇ ಕಾಂಗ್ರೆಸ್. ಎರಡನೆಯ ಬಾರಿ ಮತದಾರ ಅವರನ್ನು ಗೆಲ್ಲಿಸಿದ. ಒಂದು ಪಕ್ಷದ ಆಡಳಿತದಲ್ಲಿ ಅದಿರು ಹೋಯಿತು, ಇನ್ನೊಂದು ಪಕ್ಷದ ಆಡಳಿತದಲ್ಲಿ ನಾಚಿಕೆ ಹೋಯಿತು. ಇವೆರಡರ ನಡುವೆ ಯಾವುದು ಹೆಚ್ಚಿನ ನಷ್ಟವೆಂದು ನಿರ್ಧರಿಸುವುದು ಕಷ್ಟ.

ಲೋಕಾಯುಕ್ತವೂ ಕಳಂಕಮುಕ್ತವಾಗಿ ಉಳಿಯಲಿಲ್ಲ. ಅದರ ಕಚೇರಿಯ ಹೆಸರಿನಲ್ಲೇ ಅಧಿಕಾರಿಗಳಿಂದ ಹಣ ವಸೂಲಿ ನಡೆದ ಆರೋಪ ಎದ್ದು 2015ರ ಡಿಸೆಂಬರಿನಲ್ಲಿ ಅಂದಿನ ಲೋಕಾಯುಕ್ತರು ರಾಜೀನಾಮೆ ನೀಡಬೇಕಾಯಿತು. ಕಾವಲುಗಾರನನ್ನು ಕಾಯುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಮಾತ್ರ ಉತ್ತರ ಹುಡುಕಿದರೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಹಿಡಕಲ್ಲಿನಲ್ಲಿ ಕುಳಿತು ಬೇಲೇಕೇರಿಯ ಬಗ್ಗೆ ಬರೆಯುವುದೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಕಡಲಿಲ್ಲ, ಬಂದರಿಲ್ಲ, ಅದಿರಿಲ್ಲ. ಇರುವುದು ಘಟಪ್ರಭೆ ಮತ್ತು ಅದಕ್ಕೆ ಅಡ್ಡ ಕಟ್ಟಿದ ರಾಜಾ ಲಖಮಗೌಡ ಜಲಾಶಯ. 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯ ಯಾರ ಸ್ವತ್ತು? ಬಾಗಿಲು ತಿರುಗಿಸುವ ನೌಕರನದ್ದೇ, ಇಲಾಖೆಯ ಎಂಜಿನಿಯರನದ್ದೇ, ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳುವ ಮಂತ್ರಿಯದ್ದೇ? ಯಾರದ್ದೂ ಅಲ್ಲ. ಅದು ಹುಕ್ಕೇರಿ, ಗೋಕಾಕ, ಮೂಡಲಗಿಯ ರೈತನದ್ದು, ಕಾಲುವೆಯ ಕೊನೆಯಲ್ಲಿ ಕಾದು ಕುಳಿತ ಬಾಗಲಕೋಟೆಯ ಕಡೆಯ ರೈತನದ್ದು. ಅವರ ನೀರನ್ನು ಸರಕಾರ ಅಮಾನತ್ ಆಗಿ ಇಟ್ಟುಕೊಂಡಿದೆ, ಅಷ್ಟೆ. ಮೇಲಿನವನು ಪ್ರಭಾವ ಬೀರಿ ರಾತ್ರಿ ತೂಬು ತೆಗೆಸಿಕೊಂಡರೆ ಕೆಳಗಿನವನ ಬೆಳೆ ಒಣಗುತ್ತದೆ ಎಂಬುದನ್ನು ನಮ್ಮ ಭಾಗದ ಮಗುವಿಗೂ ಕಲಿಸಬೇಕಾಗಿಲ್ಲ. ಬೇಲೇಕೇರಿಯಲ್ಲಿ ನಡೆದದ್ದು ಇದೇ. ಅಲ್ಲಿ ತೂಬಿನಲ್ಲಿ ಹರಿದದ್ದು ನೀರಲ್ಲ, ಅದಿರು.

ಇನ್ನೊಂದು ಕಾರಣವೂ ಇದೆ. ಆ ವರ್ಷಗಳಲ್ಲಿ ಅದಿರಿನ ಲಾರಿ ಓಡಿಸಿ ಬಂದ ಹಿರಿಯ ಚಾಲಕರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಮಿತಿಗಿಂತ ಹೆಚ್ಚು ತುಂಬಿದ ಲಾರಿಯನ್ನು ಘಟ್ಟದಲ್ಲಿ ಇಳಿಸುವಾಗ ಪ್ರತಿ ತಿರುವಿನಲ್ಲೂ ಕಲಿಮಾ ಹೇಳಿಕೊಳ್ಳುತ್ತಿದ್ದುದನ್ನು ಅವರು ಇಂದಿಗೂ ನೆನೆಯುತ್ತಾರೆ. ತಪಾಸಣೆಯ ಕಟ್ಟೆ ಬಂದಾಗ ಕಾಗದದ ನಡುವೆ ಮಡಚಿಟ್ಟ ನೋಟು ಕೊಡುವುದು ಅವರ ಕೆಲಸದ ಒಂದು ಭಾಗವೇ ಆಗಿತ್ತು. ಅದು ಯಾರ ಅದಿರು, ಪರವಾನಗಿ ಇದೆಯೇ ಇಲ್ಲವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಮರುದಿನ ಲಾರಿ ಇನ್ನೊಬ್ಬನ ಕೈಯಲ್ಲಿರುತ್ತಿತ್ತು. 2011ರಲ್ಲಿ ಗಣಿಗಳು ನಿಂತಾಗ ಅವರ ಕೆಲಸವೂ ಹೋಯಿತು. ಕೋಟಿ ಗಳಿಸಿದವರು ವಕೀಲರನ್ನು ನೇಮಿಸಿಕೊಂಡರು, ಇವರು ಕೈಗಾಡಿ ತಳ್ಳಿದರು. ಭ್ರಷ್ಟಾಚಾರದ ಲಾಭ ಮೇಲೆ ನಿಲ್ಲುತ್ತದೆ, ಅದರ ಶಿಕ್ಷೆ ಕೆಳಗೆ ಹರಿಯುತ್ತದೆ. ಬೇಲೇಕೇರಿಯ ಬಗ್ಗೆ ಬಡವನಿಗೇನು ಎನ್ನುವವರು ಈ ಮನೆಗೆ ಒಮ್ಮೆ ಬಂದು ಹೋಗಲಿ.

ಇಷ್ಟು ಹೇಳಿ ಲೇಖನ ಮುಗಿಸಿದರೆ ಓದುಗರಿಗೂ ಬರೆದವನಿಗೂ ಹಿತವಾಗುತ್ತಿತ್ತು. ರಾಜಕಾರಣಿಗಳನ್ನು ಬೈದು ಚಹಾ ಕುಡಿದು ಏಳಬಹುದಿತ್ತು. ಆದರೆ ಅಮಾನತ್ ಎಂಬ ಪದವನ್ನು ಎತ್ತಿಕೊಂಡ ಮೇಲೆ ನಮ್ಮ ಮನೆಯ ಬಾಗಿಲಲ್ಲೂ ನಿಲ್ಲಬೇಕಾಗುತ್ತದೆ. ಪ್ರವಾದಿಯವರನ್ನು (ಸ) ಮಕ್ಕಾದ ಜನ 'ಅಲ್ ಅಮೀನ್' ಎಂದು ಕರೆದದ್ದು ಪ್ರವಾದಿತ್ವಕ್ಕೆ ಮೊದಲೇ. ಅವರ ಪ್ರಾಣಕ್ಕೆ ಹೊಂಚು ಹಾಕಿದ ಊರಿನವರ ಒತ್ತೆಗಳೂ ಅವರ ಮನೆಯಲ್ಲೇ ಇದ್ದವು. ಹಿಜ್‍ರಾದ ರಾತ್ರಿ ಅವನ್ನೆಲ್ಲ ಮರಳಿಸಲೆಂದೇ ಅಲಿಯವರನ್ನು (ರ) ಹಿಂದೆ ಬಿಟ್ಟು ಹೋದರು. ಶತ್ರುವಿನ ಒತ್ತೆಗೂ ಇಷ್ಟು ಬೆಲೆ ಕೊಟ್ಟ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ನಮ್ಮವರ ಒತ್ತೆಯನ್ನು ಹೇಗೆ ಕಾಯುತ್ತಿದ್ದೇವೆ?

ವಕ್ಫ್ ಆಸ್ತಿಯೆಂದರೆ ಅಮಾನತ್ತಲ್ಲದೆ ಇನ್ನೇನು? ಅದರ ದುರುಪಯೋಗದ ಬಗ್ಗೆ 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗ ಸರಕಾರಕ್ಕೆ ವರದಿ ಸಲ್ಲಿಸಿತು. ಆ ವರದಿಯ ಅಂಕಿ ಅಂಶಗಳ ಬಗ್ಗೆ, ಅದರ ರಾಜಕೀಯ ಬಳಕೆಯ ಬಗ್ಗೆ ತಕರಾರುಗಳಿವೆ, ಇರಲಿ. ಆದರೆ ನಮ್ಮ ಊರುಗಳ ಕಬರಸ್ತಾನದ ಅಂಚಿನ ಅಂಗಡಿಗಳಿಗೆ ಎಷ್ಟು ಬಾಡಿಗೆ ಬರುತ್ತದೆ, ಅದು ಯಾರ ಕೈ ಸೇರುತ್ತದೆ ಎಂದು ಜಮಾಅತಿನ ಸಭೆಯಲ್ಲಿ ಎದ್ದು ಕೇಳಿದ ಯುವಕನಿಗೆ ಸಿಗುವ ಉತ್ತರವೇನು? 'ನಿನ್ನೆ ಮೊನ್ನೆ ಹುಟ್ಟಿದವನು, ಕುಳಿತುಕೋ' ಎಂಬುದೇ. ಬೇಲೇಕೇರಿಯಲ್ಲಿ ಪ್ರಶ್ನಿಸಿದವನಿಗೆ ಅಮಾನತು, ನಮ್ಮಲ್ಲಿ ಪ್ರಶ್ನಿಸಿದವನಿಗೆ ಬಹಿಷ್ಕಾರದ ಬೆದರಿಕೆ. ಗಾತ್ರ ಬೇರೆ, ರೋಗ ಒಂದೇ. ಶಾದಿಮಹಲಿಗೆ ದೊಡ್ಡ ಮೊತ್ತ ಕೊಟ್ಟವನ ಹಣದ ಮೂಲವನ್ನು ನಾವು ವಿಚಾರಿಸುವುದಿಲ್ಲ. ಹೊಳೆಯ ಮರಳನ್ನು ರಾತ್ರಿ ಸಾಗಿಸಿದವನಿಗೆ ಬೆಳಿಗ್ಗೆ ಶಾಲು ಹೊದಿಸುತ್ತೇವೆ. ತಟ್ಟೆಯಲ್ಲಿರುವ ಮಾಂಸ ಹಲಾಲೇ ಎಂದು ಮೂರು ಬಾರಿ ಕೇಳುವ ನಾವು ತಟ್ಟೆ ಕೊಳ್ಳಲು ಬಂದ ಹಣದ ಬಗ್ಗೆ ಒಮ್ಮೆಯೂ ಕೇಳುವುದಿಲ್ಲ. ಹೀಗಿರುವಾಗ ವಿಧಾನಸೌಧದಿಂದ ಮಾತ್ರ ಪ್ರಾಮಾಣಿಕತೆಯನ್ನು ನಿರೀಕ್ಷಿಸುವ ಹಕ್ಕು ನಮಗೆ ಎಲ್ಲಿಂದ ಬರಬೇಕು?

ಇದು ಮುಗಿದ ಕಥೆಯೆಂದು ಯಾರೂ ನಿಶ್ಚಿಂತೆಯಿಂದ ಇರಬೇಕಾಗಿಲ್ಲ. ಕರ್ನಾಟಕದ ಅದಿರಿನ ರಫ್ತಿಗೆ 2022ರ ಮೇಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಅನುಮತಿ ನೀಡಿದೆ. ಬೇಲೇಕೇರಿ ಇರುವ ಅದೇ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಭಾರೀ ಬಂದರು ಕಟ್ಟುವ ಗುತ್ತಿಗೆಯನ್ನು 2023ರಲ್ಲಿ ಖಾಸಗಿ ಕಂಪೆನಿಗೆ ನೀಡಲಾಯಿತು. ಮೀನುಗಾರರು ಅದನ್ನು ವಿರೋಧಿಸಿ ಬೀದಿಗಿಳಿದಿದ್ದಾರೆ. ಬಂದರು ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಆದರೆ ಹಳೆಯ ಬಂದರಿನ ಕಾವಲನ್ನೇ ಸರಿಪಡಿಸದ ಸರಕಾರ ಹೊಸ ಬಂದರಿನ ಕಾವಲನ್ನು ಯಾರಿಗೆ ಒಪ್ಪಿಸಲಿದೆ ಎಂದು ಕೇಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ.

ಬೇಡಿಕೆಗಳು ದೊಡ್ಡವೇನಲ್ಲ. ಜಪ್ತಿಯಾದ ಮಾಲನ್ನು, ಅದು ಅದಿರಾಗಲಿ, ಮರಳಾಗಲಿ, ಪಡಿತರ ಅಕ್ಕಿಯಾಗಲಿ, ಅದನ್ನು ಸಾಗಿಸಿದವರ ಕೈಗೆಟಕುವ ಜಾಗದಲ್ಲೇ ಬಿಡುವ ಪದ್ಧತಿ ನಿಲ್ಲಬೇಕು. ಅದರ ಪ್ರಮಾಣ, ಇರುವ ಸ್ಥಳ, ಹೊಣೆ ಹೊತ್ತ ಅಧಿಕಾರಿಯ ಹೆಸರು ಸಾರ್ವಜನಿಕರಿಗೆ ತಿಳಿಯುವಂತಿರಬೇಕು. ಭ್ರಷ್ಟಾಚಾರವನ್ನು ಬಯಲಿಗೆಳೆದ ಅಧಿಕಾರಿಯನ್ನು ಆ ತನಿಖೆ ಮುಗಿಯುವ ಮೊದಲು ವರ್ಗಾಯಿಸುವ, ಅಮಾನತುಗೊಳಿಸುವ ಅಧಿಕಾರ ಮಂತ್ರಿಯ ಕೈಯಲ್ಲಿರಬಾರದು. ಇಂಥ ಪ್ರಕರಣಗಳ ವಿಚಾರಣೆ ಒಂದು ವಿಧಾನಸಭೆಯ ಅವಧಿಯೊಳಗೆ ಮುಗಿಯಬೇಕು. ಮತ್ತು ನಮ್ಮ ಜಮಾಅತುಗಳು ವರ್ಷಕ್ಕೊಮ್ಮೆ, ಶುಕ್ರವಾರದ ನಮಾಝಿನ ನಂತರ, ಮಸೀದಿಯ ಗೋಡೆಗೆ ತಮ್ಮ ಲೆಕ್ಕಪತ್ರವನ್ನು ಅಂಟಿಸಬೇಕು. ಮೊದಲ ನಾಲ್ಕು ಸರಕಾರದ ಕೈಯಲ್ಲಿವೆ. ಕೊನೆಯದು ನಮ್ಮ ಕೈಯಲ್ಲಿದೆ. ಅದಕ್ಕೆ ಸುಪ್ರೀಂ ಕೋರ್ಟಿನ ಆದೇಶ ಬೇಕಾಗಿಲ್ಲ.

ಬೇಲೇಕೇರಿಯ ದಡದಿಂದ ಹೋದ ಅದಿರು ಎಂದೋ ಚೀನಾದ ಕುಲುಮೆಯಲ್ಲಿ ಕರಗಿ, ಯಾವುದೋ ನಗರದ ಕಟ್ಟಡದ ಕಂಬವಾಗಿ ನಿಂತಿದೆ. ಅದು ಮರಳಿ ಬರುವುದಿಲ್ಲ. ನಮ್ಮ ಚಾಲಕನ ಕಳೆದುಹೋದ ವರ್ಷಗಳೂ ಬರುವುದಿಲ್ಲ. ಉಳಿದಿರುವುದು ಒಂದು ಪದ. ಅದರ ಯಾವ ಅರ್ಥವನ್ನು ನಮ್ಮ ಮಕ್ಕಳಿಗೆ ಕಲಿಸಲಿದ್ದೇವೆ? ಮನೆಯ ಅರ್ಥವನ್ನೋ, ಕಚೇರಿಯ ಅರ್ಥವನ್ನೋ? ಪ್ರಾಮಾಣಿಕನನ್ನು ದೂರವಿಡುವುದಕ್ಕೇ ಆ ಪದ ಮೀಸಲಾದರೆ, ನಂಬಿ ಇಟ್ಟುಹೋದವರಿಗೆ ಮುಂದೊಂದು ದಿನ ಮರಳಿಸಲು ನಮ್ಮ ಬಳಿ ಏನೂ ಉಳಿಯಲಾರದು.